ಸ್ಯಾಂಪ್ಲರ್ ಬಳಸುವವರು ಫಾಸ್ಟ್ ರೆಂಡರ್ ನಂಬಬೇಡಿ: ಮೃದಂಗದ ಪೆಟ್ಟು ಕಾಣೆಯಾದ ಕಥೆ

ಹಾಸನದಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಭರತನಾಟ್ಯ ಕ್ಲಾಸುಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಾಡುವವರು, ನಟುವಾಂಗ (ತಾಳ ಹಾಕುತ್ತಾ ಸೊಲ್ಲು ಹೇಳಿ ನೃತ್ಯ ನಡೆಸುವುದು) ಮಾಡುವವರು ಬಂದು ರೆಕಾರ್ಡ್ ಮಾಡುತ್ತಾರೆ. ಮೃದಂಗ, ವೀಣೆ, ತಂಬೂರಿ ಹೆಚ್ಚಾಗಿ ಸ್ಯಾಂಪ್ಲರ್‌ನಿಂದ, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ನಾದಗಳನ್ನು ನುಡಿಸುವ ಸಾಫ್ಟ್‌ವೇರ್‌ನಿಂದ. ಎಲ್ಲ ಕಲಾವಿದರನ್ನೂ ಕರೆಸುವಷ್ಟು ದುಡ್ಡು ಸಣ್ಣ ಕ್ಲಾಸುಗಳ ಹತ್ತಿರ ಇರುವುದಿಲ್ಲ.

ಈ ಸಲ 18 ನಿಮಿಷದ ಒಂದು ವರ್ಣ, ಭರತನಾಟ್ಯದ ದೀರ್ಘ ನೃತ್ಯ. ಕಾರ್ಯಕ್ರಮದ ಹಿಂದಿನ ರಾತ್ರಿ ಮಿಕ್ಸ್ ಮುಗಿಯಿತು. ಹೊರಗೆ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಮಿಕ್ಸನ್ನು ಒಂದು ಫೈಲಾಗಿ ತೆಗೆಯುವುದಕ್ಕೆ ರೆಂಡರ್ ಅನ್ನುತ್ತಾರೆ. ಅದನ್ನು ರಿಯಲ್ ಟೈಮ್, ಅಂದರೆ ಹಾಡು ಓಡುವ ವೇಗದಲ್ಲೇ, ಕೊಟ್ಟರೆ ಪೂರ್ತಿ 18 ನಿಮಿಷ ಬೇಕು. ಅಷ್ಟರಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಆಫ್‌ಲೈನ್ ಫಾಸ್ಟ್ ರೆಂಡರ್ ಒತ್ತಿದೆ, ಅದರಲ್ಲಿ ಕಂಪ್ಯೂಟರ್ ಆದಷ್ಟು ಬೇಗ ಮುಗಿಸುತ್ತದೆ. ಎರಡು ನಿಮಿಷದಲ್ಲಿ ಫೈಲ್ ರೆಡಿ. ಮೊದಲ ಒಂದು ನಿಮಿಷ, ಕೊನೆಯ ಒಂದು ನಿಮಿಷ ಕೇಳಿ ಕಳಿಸಿಬಿಟ್ಟೆ.

ಮಾರನೇ ದಿನ ಸಭೆಯಲ್ಲಿ ನಾನೂ ಕೂತಿದ್ದೆ. ಜತಿಯ (ಸೊಲ್ಲುಗಳಿಗೆ ಕುಣಿಯುವ ಭಾಗ) ಕೊನೆ, ಮೂರನೇ ಕಾಲ, ಅಂದರೆ ವೇಗದ ನಡೆ. ತದಿಗಿಣತೊಂ, ತದಿಗಿಣತೊಂ, ಮೂರನೆಯದು ತದಿಗಿಣ... ತೊಂ ಬರಲೇ ಇಲ್ಲ. ನಟುವಾಂಗದ ತಾಳ ಕೇಳಿಸಿತು, ಮೃದಂಗ ಇಲ್ಲ. ಕುಣಿಯುತ್ತಿದ್ದ ಹುಡುಗಿ ಸರಿಯಾಗಿಯೇ ಕಾಲು ತಟ್ಟಿದಳು. ಆದರೆ ತಪ್ಪು ತನ್ನದೇ ಅಂದುಕೊಂಡು ಒಂದು ಕ್ಷಣ ಟೀಚರ್ ಕಡೆ ನೋಡಿದಳು. ಆ ನೋಟ ಇನ್ನೂ ಕಣ್ಣಿಂದ ಹೋಗಿಲ್ಲ. ಹನ್ನೆರಡು ವರ್ಷದ ಮಗು ತಿಂಗಳುಗಟ್ಟಲೆ ಕಲಿತದ್ದು ಅದು.

ಮನೆಗೆ ಬಂದು ಪ್ರಾಜೆಕ್ಟ್ ತೆರೆದು ಪ್ಲೇ ಮಾಡಿದರೆ ತೊಂ ಸೊಗಸಾಗಿ ಕೇಳುತ್ತದೆ. ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ಮಾತ್ರ ಇಲ್ಲ. ಗಮನಿಸಿ ಕೇಳಿದಾಗ ಇನ್ನೂ ಕೆಲವು ಕಡೆ ನಾದ ಅರ್ಧಕ್ಕೇ ಕಡಿದಿತ್ತು.

ಕಾರಣ ಇಷ್ಟು. ದೊಡ್ಡ ಸ್ಯಾಂಪಲ್ ಲೈಬ್ರರಿಗಳು (ರೆಕಾರ್ಡ್ ಮಾಡಿಟ್ಟ ನಾದಗಳ ಸಂಗ್ರಹ) ಸಾಮಾನ್ಯವಾಗಿ ಪೂರ್ತಿಯಾಗಿ ರ‍್ಯಾಮ್‌ಗೆ ಹತ್ತುವುದಿಲ್ಲ. ಪ್ರತಿ ಪೆಟ್ಟಿನ ಮೊದಲ ತುಣುಕು ಮಾತ್ರ ರ‍್ಯಾಮ್‌ನಲ್ಲಿ ಇರುತ್ತದೆ, ಉಳಿದದ್ದನ್ನು ಸ್ಯಾಂಪ್ಲರ್ ಆ ಕ್ಷಣಕ್ಕೆ ಡಿಸ್ಕ್‌ನಿಂದ ಓದಿಕೊಳ್ಳುತ್ತದೆ. 18 ನಿಮಿಷದ್ದು ಎರಡು ನಿಮಿಷದಲ್ಲಿ ರೆಂಡರ್ ಆದರೆ ಡಿಸ್ಕ್ ಒಂಬತ್ತು ಪಟ್ಟು ಬೇಗ ಓದಿಕೊಡಬೇಕು, ಅಲ್ವಾ? ನನ್ನ ಲೈಬ್ರರಿ ಇದ್ದದ್ದು 5400 ಆರ್‌ಪಿಎಂನ ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ. 'ಈಗ ಆಫ್‌ಲೈನ್ ರೆಂಡರ್ ನಡೆಯುತ್ತಿದೆ' ಅಂತ ರೆಕಾರ್ಡಿಂಗ್ ಸಾಫ್ಟ್‌ವೇರ್ ಪ್ಲಗಿನ್‌ಗೆ (ಅದರೊಳಗೆ ಓಡುವ ಸ್ಯಾಂಪ್ಲರ್‌ನಂಥದ್ದು) ತಿಳಿಸಿದಾಗ ಪ್ಲಗಿನ್ ಡೇಟಾ ಬರುವ ತನಕ ಕಾಯಬೇಕು. ಎಲ್ಲ ಪ್ಲಗಿನ್‌ಗಳೂ ಕಾಯುವುದಿಲ್ಲ. ಕಾಯದಿದ್ದರೆ ಆ ನೋಟ್ ಅರ್ಧಕ್ಕೇ ಕಡಿಯುತ್ತದೆ, ಇಲ್ಲವೇ ಸುಮ್ನೆ ಬಿಟ್ಟುಹೋಗುತ್ತದೆ, ಎರರ್ ಮೆಸೇಜ್ ಕೂಡ ಬರುವುದಿಲ್ಲ. ಪೆಟ್ಟುಗಳು ಒತ್ತೊತ್ತಾಗಿ ಬರುವ ಜತಿಯಲ್ಲೇ ಇದು ಜಾಸ್ತಿ.

ಈಗ ನಾನು ಮಾಡುವುದು ಹೀಗೆ. ಸ್ಯಾಂಪ್ಲರ್ ಟ್ರ್ಯಾಕ್‌ಗಳನ್ನು ಮೊದಲು ಒಂದೊಂದಾಗಿ ರಿಯಲ್ ಟೈಮ್‌ನಲ್ಲಿ ಆಡಿಯೋ ಫೈಲ್ ಮಾಡಿಕೊಳ್ಳುತ್ತೇನೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದ್ದವರು ರೆಂಡರ್ ವಿಂಡೋದಲ್ಲಿ ಫುಲ್ ಸ್ಪೀಡ್ ಆಫ್‌ಲೈನ್ ಬದಲು ಆನ್‌ಲೈನ್ ರೆಂಡರ್ (ಇಲ್ಲಿ ಅರ್ಥ ರಿಯಲ್ ಟೈಮ್, ಇಂಟರ್ನೆಟ್ ಅಲ್ಲ) ಆರಿಸಿಕೊಳ್ಳಿ. ಲಾಜಿಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಬೌನ್ಸ್ (ರೆಂಡರ್‌ಗೆ ಅಲ್ಲಿನ ಹೆಸರು) ಮಾಡುವಾಗ ರಿಯಲ್ ಟೈಮ್ ಆಯ್ಕೆ ಇದೆ. ಆ ಆಡಿಯೋವನ್ನು ಕೇಳಿ, ಸರಿ ಇದ್ದರೆ ಸ್ಯಾಂಪ್ಲರ್ ಆಫ್ ಮಾಡಿ, ಆಮೇಲೆ ಫೈನಲ್ ಮಿಕ್ಸ್ ಎಷ್ಟು ಫಾಸ್ಟ್ ಆಗಿ ತೆಗೆದರೂ ತೊಂದರೆ ಇಲ್ಲ. ಲೈಬ್ರರಿಯನ್ನು ಎಸ್‌ಎಸ್‌ಡಿಗೆ ಹಾಕಿದೆ, ಯುಪಿಎಸ್ ಕೂಡ ತಂದೆ. ಯುಪಿಎಸ್ ಮೊದಲೇ ಇದ್ದಿದ್ದರೆ ಆ ರಾತ್ರಿ ಅವಸರವೇ ಇರುತ್ತಿರಲಿಲ್ಲ.

ಇನ್ನೆರಡು ಮಾತು. ರೆಂಡರ್ ಟೇಲ್, ಅಂದರೆ ಕೊನೆಯಲ್ಲಿ ನಾದ ಕರಗಲು ಹೆಚ್ಚುವರಿ ಸಮಯ, ಬಿಡದಿದ್ದರೆ ಕೊನೆಯ ವೀಣೆಯ ನಾದ ಕತ್ತರಿಸಿಹೋಗುತ್ತದೆ, ಐದಾರು ಸೆಕೆಂಡ್ ಬಿಡಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ನಾದವನ್ನು ಅಳೆದು ದಾಖಲಿಸಿದೆ ಎಂಬ ಲೆಕ್ಕ) ಕೂಡ ನೋಡಿಕೊಳ್ಳಿ. 44,100 ಹರ್ಟ್ಸ್‌ನ ಫೈಲನ್ನು ಬದಲಾಯಿಸದೆ 48,000ದಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಒಂದು ಕೀಲಿಯಿಂದ ಪಕ್ಕದ ಕೀಲಿಗೆ, ಕರಿ ಬಿಳಿ ಸೇರಿಸಿ, ಇರುವ ಅಂತರ) ಮೇಲೇರುತ್ತದೆ, ಕಾಲವೂ ಓಡುತ್ತದೆ. ನೃತ್ಯಕ್ಕೆ ಎರಡೂ ಆಗುವುದಿಲ್ಲ.

ಮುಂದಿನ ವಾರ ಹೊಸ ಫೈಲ್ ತೆಗೆದುಕೊಂಡು ಕ್ಲಾಸಿಗೇ ಹೋದೆ. ತಪ್ಪು ಟ್ರ್ಯಾಕಿನದು, ನಿನ್ನದಲ್ಲ ಅಂತ ಆ ಹುಡುಗಿಗೆ ಎಲ್ಲರ ಎದುರು ಹೇಳಿದೆ. ಟೀಚರ್ 18 ನಿಮಿಷವೂ ಹಾಕಿಸಿ ಕೇಳಿದರು. ಮೂರನೇ ತೊಂ ಬಂದಾಗ ಅವಳು ಕೂತಲ್ಲೇ ನೆಲಕ್ಕೆ ಕಾಲು ತಟ್ಟಿದಳು.