ಬಾಡಿಗೆ ಕ್ಯಾರವಾನ್‌ನಲ್ಲಿ ಎರಡು ರಾತ್ರಿ: ನಾಮದ ಚಿಲುಮೆ, ಮೈದನಹಳ್ಳಿ, ಕಗ್ಗಲಡು

ನಮ್ಮ ಅತ್ತೆಗೆ 71 ವರ್ಷ, ಎರಡೂ ಮಂಡಿ ನೋವು. ಎಲ್ಲಾದರೂ ಹೊರಟರೆ ಬೆಳಿಗ್ಗೆ ಎದ್ದಾಗಿನಿಂದ ನೀರೇ ಮುಟ್ಟುವುದಿಲ್ಲ. ದಾರಿಯಲ್ಲಿ ಟಾಯ್ಲೆಟ್ ಸಿಗುತ್ತೋ ಇಲ್ಲವೋ, ಸಿಕ್ಕರೂ ಕೂರಲು ಆಗುತ್ತೋ ಇಲ್ಲವೋ ಅನ್ನುವ ಭಯ. ಸಾಯಂಕಾಲ ಮನೆಗೆ ಬಂದು ತಲೆನೋವು ಅಂತ ಮಲಗಿಬಿಡುತ್ತಾರೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಇವರು 'ಒಂದು ಕ್ಯಾರವಾನ್ ಬಾಡಿಗೆಗೆ ತಗೊಳ್ಳೋಣ' ಅಂದಾಗ ನಾನು ಟಿ.ವಿ. ಬಗ್ಗೆ, ಫ್ರಿಜ್ ಬಗ್ಗೆ ಏನೂ ಕೇಳಲಿಲ್ಲ. ಕಮೋಡ್ ಇದೆಯಾ ಅಂತ ಮಾತ್ರ ಕೇಳಿದೆ.

ಇತ್ತು. ಬುಕ್ ಮಾಡಿದೆವು.

ಗಾಡಿ ತರಿಸಿದ್ದು ಬೆಂಗಳೂರಿನಿಂದ. ಕಂಪನಿ ಹೆಸರು ಹಾಕುವುದಿಲ್ಲ, ಜಗಳ ಆಡುವ ಉದ್ದೇಶ ಇಲ್ಲ. ತುಮಕೂರಿನ ಕಡೆ ಇಂಥ ಗಾಡಿಯಲ್ಲಿ ಮನೆಮಂದಿಯೆಲ್ಲ ಸುತ್ತಬೇಕು ಅನ್ನುವವರಿಗೆ ಏನು ಕೇಳಿಕೊಳ್ಳಬೇಕು ಅಂತ ಗೊತ್ತಾದರೆ ಸಾಕು. ದಿನಕ್ಕೆ 12,000 ರೂಪಾಯಿ, ಡ್ರೈವರ್ ಅವರದೇ, ಡಿಪಾಸಿಟ್ ಬೇರೆ. ಕಿಲೋಮೀಟರ್ ಲೆಕ್ಕ ಅವರ ಶೆಡ್‌ನಿಂದ ಶೆಡ್‌ಗೆ. ಅಂದರೆ ಬೆಂಗಳೂರಿನಿಂದ ನಮ್ಮ ಮನೆಗೆ ಬರುವ 70 ಕಿ.ಮೀ., ವಾಪಸ್ ಹೋಗುವ 70 ಕಿ.ಮೀ. ಎರಡೂ ನಮ್ಮ ತಲೆಗೇ. ಇದನ್ನು ಫೋನಿನಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೀವು ಕೇಳಿ.

ಶುಕ್ರವಾರ ಸಾಯಂಕಾಲ ಬಂತು. ಉದ್ದನೆಯ ಟಿ.ಟಿ. (ಟೆಂಪೋ ಟ್ರಾವೆಲರ್) ಗಾಡಿಯನ್ನೇ ಬಿಚ್ಚಿ, ಒಳಗೆ ಮನೆ ಕಟ್ಟಿದ್ದಾರೆ ಅನ್ನಿ. ಹಿಂದೆ ಮಂಚ, ಪಕ್ಕದಲ್ಲಿ ಸೋಫಾ, ಒಂದು ಸಿಂಕು, ಇಂಡಕ್ಷನ್ ಸ್ಟೌವ್, ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಟಾಯ್ಲೆಟ್. ಮಕ್ಕಳು ಅವತ್ತೇ ರಾತ್ರಿ ಅದರಲ್ಲೇ ಮಲಗಬೇಕು ಅಂತ ಹಟ ಹಿಡಿದರು. ಸರಿ, ಮೊದಲನೇ ರಾತ್ರಿಯ ಪ್ರವಾಸ ನಮ್ಮ ಮನೆ ಗೇಟಿನ ಮುಂದೆಯೇ ಆಯಿತು. ಹಾಲಿನವರು ಬೆಳಿಗ್ಗೆ ಬಂದು ಪ್ಯಾಕೆಟನ್ನು ಮನೆಗೆ ಕೊಡಬೇಕೋ ಗಾಡಿಗೆ ಕೊಡಬೇಕೋ ಅಂತ ನಿಂತಿದ್ದರು. 'ಆರು ಜನ ಮಲಗಬಹುದು' ಅಂತ ಫೋಟೋ ಕೆಳಗೆ ಬರೆದಿದ್ದರು. ನಾಲ್ಕು ಜನ ಮಲಗಬಹುದು, ಅದೂ ನಮ್ಮ ಮಾವ ಕಾಲು ಚಾಚದಿದ್ದರೆ.

ಶನಿವಾರ ಹೊರಟಿದ್ದೇ ಮೊದಲು ಕ್ಯಾತ್ಸಂದ್ರಕ್ಕೆ, ತಟ್ಟೆ ಇಡ್ಲಿಗೆ. ದಾರಿ ಆ ಕಡೆಗೇ ಇರಬೇಕು ಅಂತೇನಿಲ್ಲ, ಹೊಟ್ಟೆ ಆ ಕಡೆಗಿತ್ತು. ಆ ಅಡುಗೆಮನೆಯ ಬಗ್ಗೆ ಇಲ್ಲೇ ಹೇಳಿ ಮುಗಿಸುತ್ತೇನೆ: ಎರಡು ದಿನದಲ್ಲಿ ಅದರಲ್ಲಿ ಎರಡು ಸಲ ಕಾಫಿ ಮಾಡಿದೆ, ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಹತ್ತು ಮೈಲಿಗೊಂದು ಒಳ್ಳೆ ಹೋಟೆಲು, ಐದು ಮೈಲಿಗೊಬ್ಬರು ನೆಂಟರು. ಅದರ ಮಧ್ಯೆ ಅಲ್ಲಾಡುವ ಸ್ಟೌವ್ ಮೇಲೆ ಉಪ್ಪಿಟ್ಟು ಕೆದಕುವ ಕರ್ಮ ಯಾರಿಗೆ ಬೇಕು? ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಹಂಪ್ ಹಾರಿದಾಗ ಬೀರುವಿನ ಚಿಲಕ ಬಿಟ್ಟುಕೊಂಡು ಸಕ್ಕರೆ ಡಬ್ಬ ಬಿದ್ದಿತು, ಭಾನುವಾರದ ತನಕ ಕಾಲಿಗೆ ಸಕ್ಕರೆ ಅಂಟುತ್ತಿತ್ತು.

ಅಲ್ಲಿಂದ ದೇವರಾಯನದುರ್ಗದ ಕಾಡಿನ ದಾರಿ, ನಾಮದ ಚಿಲುಮೆ. ಬಂಡೆಯ ಸಂದಿಯಿಂದ ಬರುವ ಸಣ್ಣ ಚಿಲುಮೆ ಅದು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ಬಾಣ ಬಿಟ್ಟ ಅನ್ನುವ ಕಥೆಯನ್ನು ಮಾವ ಮೊಮ್ಮಗನಿಗೆ ಹೇಳಿದರು. ಅವನು 'ಅಷ್ಟು ಸ್ವಲ್ಪ ನೀರಿಗೆ ಬಾಣ ಯಾಕೆ ತಾತ' ಅಂದ. ಪಕ್ಕದ ಜಿಂಕೆವನದ ಬೇಲಿ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಈ ಕಾಡಿನಲ್ಲಿ ಚಿರತೆ, ಕರಡಿ ಇವೆ, ಆದರೆ ನಮ್ಮ ಗಾಡಿಯೊಳಗೆ ಬಂದಿದ್ದು ಕೋತಿ. ಚಾವಣಿಯಲ್ಲಿ ಗಾಳಿಗೆ ಅಂತ ಒಂದು ಮುಚ್ಚಳ ಇರುತ್ತದೆ, ಅದನ್ನು ತೆರೆದಿಟ್ಟಿದ್ದೆವು. ಕೋಡುಬಳೆ ಕವರ್ ಹೋಯಿತು. ಬೆಟ್ಟದ ಮೇಲಿನ ತಿರುವುಗಳಿಗೆ ಡ್ರೈವರ್ ಅಣ್ಣ ಒಪ್ಪಲಿಲ್ಲ, ನಾವೂ ಬಲವಂತ ಮಾಡಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗಾಗಲೇ ಮಗಳು ವಾಂತಿ ಮಾಡಿಕೊಂಡಿದ್ದಳು. ಸೋಫಾ ಅಡ್ಡಡ್ಡ ಇರುತ್ತದೆ, ಗಾಡಿ ಮುಂದೆ ಹೋದರೆ ನಾವು ಪಕ್ಕಕ್ಕೆ ಹೋಗುತ್ತೇವೆ. ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ಸೀಟು ನಾಲ್ಕೇ ನಾಲ್ಕು. ಇದು ನನ್ನ ದೊಡ್ಡ ತಕರಾರು. ಆರು ಜನರಿಗೆ ಗಾಡಿ ಕೊಡುವವರು ಆರು ಬೆಲ್ಟ್ ಕೊಡಬೇಕು. ಕೊನೆಗೆ ಮಕ್ಕಳು, ಅತ್ತೆ, ಮಾವ ಸೀಟಿಗೆ, ನಾನು ಇವರು ಸೋಫಾಗೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರಕ್ಕೆ ಹೋಗಿ ಪಿನಾಕಿನಿ ಸೇರುತ್ತದೆ. ನಮ್ಮ ದಾರಿಯೂ ಹೆಚ್ಚುಕಡಿಮೆ ಅದರ ಜೊತೆಗೇ. ನದಿ ಅಂತ ಸುಮ್ನೆ ಹೇಳಬೇಕು, ನಾವು ದಾಟಿದ ಕಡೆ ಮರಳು ಮತ್ತು ಜಾಲಿ ಗಿಡ. ಕೊರಟಗೆರೆ ದಾಟಿದ ಮೇಲೆ ಹುಣಸೆ ಮರದ ಸಾಲು. ಕಾರಿನಲ್ಲಿ ಹೋಗುವಾಗ ಎಷ್ಟು ಚೆನ್ನಾಗಿರುತ್ತೆ ಅಲ್ವಾ ಆ ನೆರಳು! ಹತ್ತು ಅಡಿ ಎತ್ತರದ ಗಾಡಿಯಲ್ಲಿ ಕೂತು ನೋಡಿ. ಎದುರಿನಿಂದ ಟ್ರ್ಯಾಕ್ಟರ್ ಬಂತು, ಅಣ್ಣ ಎಡಕ್ಕೆ ತಗೊಂಡರು, ತಲೆ ಮೇಲೆ 'ಕರಕರಕರ' ಅಂತ ಶಬ್ದ. ಎ.ಸಿ. ಮುಚ್ಚಳದ ಮೇಲೆ ಮೊಳದುದ್ದ ಗೀರು. ಅಲ್ಲಿಂದ ಮುಂದೆ ಅವರು ಮರ ಕಂಡರೆ ಬ್ರೇಕ್ ಹಾಕುತ್ತಿದ್ದರು. ಹಳ್ಳಿಗಳಲ್ಲಿ ಜೋತಾಡುವ ಕೇಬಲ್ ಟಿ.ವಿ. ವೈರು ಬಂದರೆ ಇವರು ಇಳಿದು ಒಣ ಗಳದಿಂದ ಎತ್ತಿ ಹಿಡಿಯುವುದು, ಗಾಡಿ ಕೆಳಗೆ ನುಸುಳುವುದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಿಟಕಿಯಿಂದಲೇ ನೋಡಿ ಕೈಮುಗಿದೆವು. ಆ ಬಿಸಿಲಿಗೆ ಹತ್ತುವವರು ಯಾರು?

ರಾತ್ರಿ ಉಳಿದಿದ್ದು ಕೊಡಿಗೇನಹಳ್ಳಿ ಕಡೆ, ಅತ್ತೆಯ ತಂಗಿಯ ತೋಟದಲ್ಲಿ. ಮರುದಿನ ಕೃಷ್ಣಮೃಗ ನೋಡಲು ಹೋಗಬೇಕಿದ್ದ ಮೈದನಹಳ್ಳಿ ಅಲ್ಲಿಂದ ಹತ್ತಿರ. ಚಿಕ್ಕಮ್ಮ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು, 'ಏನಕ್ಕಾ, ಮನೆ ಮಠ ಇಲ್ವಾ ನಿಮಗೆ? ಇಷ್ಟು ದೊಡ್ಡ ಮನೆ ಇಟ್ಕೊಂಡು ನೀವು ಬಸ್ಸಲ್ಲಿ ಮಲಗ್ತೀರಾ? ಊರಿನೋರು ಏನಂದ್ಕೋತಾರೆ?' ಅಂದರು. ಅತ್ತೆ ತಣ್ಣಗೆ, 'ಒಳಗೆ ಬಾರೇ, ಕಮೋಡ್ ತೋರಿಸ್ತೀನಿ' ಅಂದರು. ಆ ಖುಷಿ ನೋಡಬೇಕಿತ್ತು. ಬೆಳಿಗ್ಗೆಯಿಂದ ಎರಡು ಲೀಟರ್ ನೀರು, ಒಂದು ಎಳನೀರು, ಎರಡು ಕಾಫಿ ಕುಡಿದಿದ್ದರು ನಮ್ಮತ್ತೆ. ಮುದ್ದೆ, ಹುರುಳಿಕಾಳಿನ ಬಸ್ಸಾರು ಚಿಕ್ಕಮ್ಮನ ಮನೆಯಲ್ಲೇ. ಮಾವ ಅಲ್ಲೇ ಜಗಲಿ ಮೇಲೆ ಮಂಚ ಹಾಕಿಸಿಕೊಂಡು ಕಾಲು ಚಾಚಿದರು.

ಈಗ ಕರೆಂಟಿನ ವಿಷಯ. ಇದನ್ನು ಸರಿಯಾಗಿ ಓದಿಕೊಳ್ಳಿ. 'ರಾತ್ರಿಯಿಡೀ ಎ.ಸಿ. ನಡೆಯುತ್ತೆ ಮೇಡಂ' ಅಂದಿದ್ದರು ಬುಕಿಂಗ್‌ನವರು. ಗಾಡಿಯಲ್ಲಿ ಇದ್ದಿದ್ದು 12 ವೋಲ್ಟಿನ 150 ಆಂಪ್ ಅವರ್ ಬ್ಯಾಟರಿ ಎರಡು. ಲೆಕ್ಕ ಹಾಕಿದರೆ ಎಲ್ಲಾ ಸೇರಿ 3.6 ಯೂನಿಟ್. ನಮ್ಮ ಮನೆ ಯು.ಪಿ.ಎಸ್. ಬ್ಯಾಟರಿ ಥರದ್ದೇ, ಪೂರ್ತಿ ಖಾಲಿ ಮಾಡುವ ಹಾಗಿಲ್ಲ, ಅರ್ಧಕ್ಕೆ ನಿಲ್ಲಿಸಬೇಕು. ಒಂದು ಟನ್ ಎ.ಸಿ. ಗಂಟೆಗೆ ಒಂದು ಯೂನಿಟ್ ಹತ್ತಿರ ಎಳೆಯುತ್ತದೆ. ಅಂದರೆ ಎರಡು ಗಂಟೆಯೂ ಬರುವುದಿಲ್ಲ. ರಾತ್ರಿಯಿಡೀ ಬೇಕಾದರೆ ಹೊರಗಿನ ಕರೆಂಟಿಗೆ ಜೋಡಿಸಬೇಕು, ಇಲ್ಲ ಜನರೇಟರ್ ಬೇಕು. ನಾವು ಪಂಪ್‌ಹೌಸಿನಿಂದ ವೈರ್ ಎಳೆದೆವು. ವೋಲ್ಟೇಜು ಎಷ್ಟು ಕಮ್ಮಿ ಅಂದರೆ ಎ.ಸಿ. ಒಂದು ಸಲ ಗುರ್ ಅಂದು ಸುಮ್ಮನಾಯಿತು. ಫ್ಯಾನ್ ಮಾತ್ರ ತಿರುಗಿತು. ಕಿಟಕಿಗೆ ಸೊಳ್ಳೆಪರದೆ ಇದ್ದಿದ್ದರಿಂದ ಬದುಕಿದೆವು.

ನೀರಿನ ಟ್ಯಾಂಕ್ 100 ಲೀಟರು. ಕೇಳೋಕೆ ಜಾಸ್ತಿ, ಆರು ಜನರಿಗೆ ಬೆಳಗಿನ ತನಕ. ತೋಟದ ಬೋರ್‌ವೆಲ್‌ನಿಂದ ತುಂಬಿಸಿಕೊಂಡೆವು, ಮುಖ ತೊಳೆಯೋಕೆ ಮಾತ್ರ. ಮಧುಗಿರಿ, ಪಾವಗಡ ಕಡೆ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡೆವು.

ಇನ್ನು ಯಾರೂ ಬರೆಯದ ವಿಷಯ. ಆ ಕಮೋಡ್ ಕೆಳಗೆ ಸೂಟ್‌ಕೇಸ್ ಥರ ಎಳೆಯುವ ಡಬ್ಬ ಇರುತ್ತದೆ, ಒಳಗೆ ವಾಸನೆ ಬರದ ಹಾಗೆ ನೀಲಿ ದ್ರಾವಣ. ತುಂಬಿದರೆ ಖಾಲಿ ಮಾಡಬೇಕು. ಎಲ್ಲಿ, ಯಾರು? ಕಂಪನಿಯವರು 'ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ' ಅಂದರು. ಬಂಕಿನ ಹುಡುಗ ಆ ಡಬ್ಬ ನೋಡಿ ಮೂರು ಹೆಜ್ಜೆ ಹಿಂದೆ ಹೋದ. ಡ್ರೈವರ್ ಅಣ್ಣ 'ಅದು ನನ್ನ ಕೆಲಸ ಅಲ್ಲ ಅಕ್ಕಾ' ಅಂದರು. ನ್ಯಾಯವೇ. ಕೊನೆಗೆ ಇವರು ಮೂಗಿಗೆ ಟವೆಲ್ ಕಟ್ಟಿಕೊಂಡು ಚಿಕ್ಕಮ್ಮನ ಮನೆ ಹಿಂದಿನ ಟಾಯ್ಲೆಟ್ಟಿಗೇ ಸುರಿದು ಬಂದರು. ಮದುವೆಯಾಗಿ 14 ವರ್ಷದಲ್ಲಿ ಇವರ ಮೇಲೆ ಅಷ್ಟು ಗೌರವ ನನಗೆ ಯಾವತ್ತೂ ಬಂದಿರಲಿಲ್ಲ. ಬಯಲಿಗೆ ಮಾತ್ರ ಸುರಿಯಬೇಡಿ. ದಾರಿಯಲ್ಲಿ ಇದಕ್ಕೆ ಒಪ್ಪುವ ನೆಂಟರು ಇದ್ದಾರಾ ಅಂತ ಮೊದಲೇ ನೋಡಿಕೊಂಡು ಹೊರಡಿ.

ಇಷ್ಟೆಲ್ಲ ಆದರೂ ಭಾನುವಾರ ಬೆಳಿಗ್ಗೆಯದ್ದನ್ನು ಬರೆಯದಿದ್ದರೆ ಗಾಡಿಗೆ ಅನ್ಯಾಯ ಆಗುತ್ತದೆ. ಐದೂವರೆಗೆ ಅಣ್ಣ ಸದ್ದಿಲ್ಲದೆ ಸ್ಟಾರ್ಟ್ ಮಾಡಿದರು. ಮಕ್ಕಳನ್ನು ಎಬ್ಬಿಸಲಿಲ್ಲ, ಸೀಟಿಗೆ ಎತ್ತಿ ಕೂರಿಸಿ ಬೆಲ್ಟ್ ಹಾಕಿದೆವು, ಅಲ್ಲೇ ಮತ್ತೆ ನಿದ್ದೆ. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಆಂಧ್ರದ ಗಡಿಗೆ ಅಂಟಿಕೊಂಡಿದೆ. 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆಯಾಗಿದ್ದು. ಗಾಡಿಯನ್ನು ಹೊರಗೇ ರಸ್ತೆ ಬದಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿ ತೆಗೆದು ಸುಮ್ಮನೆ ಕೂತೆವು. ಬೆಳಕು ಇನ್ನೂ ಬೂದು ಬಣ್ಣ. ಎಲ್ಲೋ ಗೌಜಲಕ್ಕಿ ಕೂಗು.

ಮೊದಲು ಕಂಡಿದ್ದು ಬರೀ ಕೊಂಬು. ಹುಲ್ಲಿನ ಮೇಲೆ ತಿರುಚಿದ ಎರಡು ಕಡ್ಡಿ ನೆಟ್ಟ ಹಾಗೆ. ಆಮೇಲೆ ಅದು ತಲೆ ಎತ್ತಿತು. ಬೆನ್ನು ಕಪ್ಪು, ಹೊಟ್ಟೆ ಸುಣ್ಣ ಬಳಿದಷ್ಟು ಬಿಳಿ, ಕಣ್ಣಿನ ಸುತ್ತಲೂ ಬಿಳಿ ಉಂಗುರ. ನಮ್ಮಿಂದ ಐವತ್ತು ಮಾರು ಇರಬಹುದು. ಹಿಂದೆ ಕಂದು ಬಣ್ಣದ ಹೆಣ್ಣುಗಳು, ಅವಕ್ಕೆ ಕೊಂಬಿಲ್ಲ. ಅದು ನಿಂತ ಜಾಗದಲ್ಲಿ ಹಿಕ್ಕೆಯ ಗುಡ್ಡೆ. ಗಂಡು ಕೃಷ್ಣಮೃಗ ಒಂದೇ ಕಡೆ ಹಿಕ್ಕೆ ಹಾಕಿ 'ಇದು ನನ್ನ ಜಾಗ' ಅಂತ ಗುರುತು ಮಾಡುತ್ತದೆ, ಬೇಲಿ ಕಲ್ಲು ನೆಟ್ಟ ಹಾಗೆ. ಅಷ್ಟರಲ್ಲಿ ಮಗಳು ಎದ್ದು, ಕಿಟಕಿಗೆ ಗಲ್ಲ ಒತ್ತಿಕೊಂಡು ಪಿಸುಪಿಸು ಎಣಿಸತೊಡಗಿದಳು. ಇಪ್ಪತ್ತಮೂರಕ್ಕೆ ಬರುವಾಗ ದೂರದಲ್ಲಿ ಒಂದು ನಾಯಿ ಬೊಗಳಿತು. ಒಂದು ಹೆಣ್ಣು ನಿಂತಲ್ಲಿಂದಲೇ ನಾಲ್ಕೂ ಕಾಲು ಮೇಲಕ್ಕೆತ್ತಿ ಪುಟಿಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾವಲಿ ಮೇಲೆ ಸಾಸಿವೆ ಸಿಡಿದ ಹಾಗೆ. ಗಂಟೆಗೆ 80 ಕಿ.ಮೀ. ಓಡಬಲ್ಲ ಪ್ರಾಣಿ ಅದು. ಒಂದು ನಿಮಿಷದಲ್ಲಿ ಬಯಲು ಖಾಲಿ.

ಅತ್ತೆ ಇದನ್ನೆಲ್ಲ ಮಂಚದ ಮೇಲೆ ದಿಂಬಿಗೆ ಒರಗಿ, ಕಾಲು ನೀಡಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು ನೋಡಿದರು. ಕಾರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅವರನ್ನು ಹೊರಡಿಸುವುದೇ ಆಗುತ್ತಿರಲಿಲ್ಲ, ಹೊರಡಿಸಿದರೂ ಎರಡು ಗಂಟೆ ಕೂರಲು ಆಗುತ್ತಿರಲಿಲ್ಲ. ಬಿಸಿಲು ಏರಿದ ಮೇಲೆ ನಾವು ನಾಲ್ವರು ನಡೆದು ಹೋಗಿ ವೀಕ್ಷಣಾ ಗೋಪುರ ಹತ್ತಿದೆವು. ಅಲ್ಲಿಂದ ಕಂಡ ಮೃಗಗಳೆಲ್ಲ ದೂರ ದೂರ. ಗಾಡಿ ಕಿಟಕಿಯೇ ವಾಸಿ.

ಅಲ್ಲಿಂದ ಮಧುಗಿರಿ ಮೇಲೆ ಶಿರಾ, ಶಿರಾದಿಂದ ಕಗ್ಗಲಡು. ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ ಮತ್ತು ಬೂದು ಬಕ ಗೂಡು ಕಟ್ಟುತ್ತವೆ. ಫೆಬ್ರವರಿ ಹೊತ್ತಿಗೆ ಬಂದು ಮರಿ ಮಾಡಿಕೊಂಡು ಆಗಸ್ಟ್ ತನಕ ಇರುತ್ತವೆ. ಹುಣಸೆ ಮರ ಅಂದ ತಕ್ಷಣ ಡ್ರೈವರ್ ಅಣ್ಣ ಊರ ಹೊರಗೇ ಕೈಬ್ರೇಕ್ ಎಳೆದರು. ಮಾವ, ನಾನು, ಮಕ್ಕಳು ನಡೆದೆವು. ಮನೆ ಹೆಂಚಿನ ಮೇಲೆಲ್ಲ ಹಿಕ್ಕೆ, ಮೀನಿನ ವಾಸನೆ, ಕೊಕ್ಕು ಕಟಕಟ ಬಡಿಯುವ ಸದ್ದು. ಬಾಲದ ಹತ್ತಿರ ರೆಕ್ಕೆಯಲ್ಲಿ ಆ ಗುಲಾಬಿ ಬಣ್ಣ ನೋಡಿ ಮಗ 'ಹೋಳಿ ಆಡಿದೆಯಾ ಇದು' ಅಂದ. ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿಗೆ ಇದ್ಯಾವುದರ ಪರಿವೆಯೇ ಇಲ್ಲ. ಟೋಪಿ ಹಾಕಿಕೊಂಡು ಹೋಗಿ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮತ್ತೆ ತಗೋತೀರಾ ಅಂದರೆ, ತಗೋತೀನಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಮಾತ್ರ, ಒಂದೇ ರಾತ್ರಿಗೆ, ಆರು ಬೆಲ್ಟಿನ ಗಾಡಿಯಾದರೆ. ನಾವು ಗಂಡ ಹೆಂಡತಿ ಮಕ್ಕಳು ಅಷ್ಟೇ ಆದರೆ ಕಾರು ಸಾಕು, ರಾತ್ರಿ ಚಿಕ್ಕಮ್ಮನ ಮನೆ ಇದ್ದೇ ಇದೆ. ಐದಕ್ಕೆ ನಾನು ಎರಡೂವರೆ ಕೊಡುತ್ತೇನೆ. ಅತ್ತೆಯನ್ನು ಕೇಳಿದರೆ ಐದಕ್ಕೆ ಐದು.

ಡಿಪಾಸಿಟ್ ಒಂಬತ್ತನೇ ದಿನ ವಾಪಸ್ ಬಂತು, 2,000 ಹಿಡಿದುಕೊಂಡು. ಬಿಲ್ಲಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ಎರಡೇ ಪದ ಇತ್ತು: ಹುಣಸೆ ಮರ.