ನಾಯಿಗೆ ಅಂಗಡಿಯ ಫ್ರೆಶ್ ಫುಡ್ಡೋ, ಮನೆ ಅಡುಗೆಯೋ?

ಫ್ರೀಜರ್‌ನಲ್ಲಿಟ್ಟು ಮಾರುವ ಫ್ರೆಶ್ ಪ್ಯಾಕೆಟ್‌ನ ದೊಡ್ಡ ಅನುಕೂಲ ಅಂದ್ರೆ ಅಳತೆ. ಒಳ್ಳೆ ಪ್ಯಾಕೆಟ್‌ನಲ್ಲಿ ಕ್ಯಾಲ್ಸಿಯಂ, ಜಿಂಕ್, ವಿಟಮಿನ್ ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ, ಆದ್ರೆ ಲೇಬಲ್ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್' (ಅಂದ್ರೆ ಬೇಕಾದ ಪೋಷಕಾಂಶ ಎಲ್ಲ ಸರಿಯಾದ ಅಳತೆಯಲ್ಲಿದೆ) ಅಂತ ಇದೆಯಾ, ಯಾವ ವಯಸ್ಸಿನ ನಾಯಿಗೆ ಅಂತ ಬರೆದಿದ್ದಾರಾ ನೋಡಲೇಬೇಕು. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗೆ ಖರ್ಚು ಮಾತ್ರ ಜೋರು.

ಮನೆಯದ್ದು ಅಗ್ಗ, ಒಳಗೇನಿದೆ ಅಂತ ನಿಮಗೇ ಗೊತ್ತು. ತೊಂದರೆ ಏನಂದ್ರೆ, ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಅನ್ನಕ್ಕೆ ಚಿಕನ್ ಸುಮ್ನೆ ಕಲಸಿ ತಿಂಗಳುಗಟ್ಟಲೆ ಹಾಕಿದರೆ ಬೆಳೆಯುವ ಮರಿಯ ಮೂಳೆಗೇ ಪೆಟ್ಟು. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ಮರಿಗೆ, ಗಬ್ಬದ ನಾಯಿಗೆ ಪ್ಯಾಕೆಟ್ಟೇ ನನ್ನ ಆಯ್ಕೆ. ಬೆಳೆದು ಗಟ್ಟಿಯಾಗಿರೋ ನಾಯಿಗೆ ಮನೆಯಲ್ಲೇ ಧಾರಾಳವಾಗಿ ಮಾಡಿ, ಆದ್ರೆ ಪಶುವೈದ್ಯರ ಹತ್ತಿರ ರೆಸಿಪಿ ಬರೆಸಿಕೊಂಡು, ಅವರು ಹೇಳಿದ ಸಪ್ಲಿಮೆಂಟ್ ಬಿಡದೆ ಸೇರಿಸಿ.