ಹಳೆ ವ್ಯಾನಿಗೆ ಹಾಕಿದ ಡಿಜಿಟಲ್ ಟೆಂಪರೇಚರ್ ಮೀಟರ್: ಮೂರು ವರ್ಷ ಬಳಸಿದ ಮೇಲೆ

ವಸ್ತು ತುಂಬಾ ಸರಳ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಎಷ್ಟು ಡಿಗ್ರಿ ಬಿಸಿ ಇದೆ ಅಂತ ಅಂಕಿಯಲ್ಲೇ ತೋರಿಸುವ ಪುಟ್ಟ ಮೀಟರ್, ಒಂದೇ ವೈರಿನ ಸೆನ್ಸರ್, ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ಮಧ್ಯೆ ಕೂರಿಸುವ ಅಲ್ಯೂಮಿನಿಯಂ ಅಡಾಪ್ಟರ್, ಜೊತೆಗೊಂದು ಬಜರ್. ಇದನ್ನು ಹಾಕಿ ಮೂರು ಬೇಸಿಗೆ ಕಳೆದಿದೆ. ಹಳೆ ವ್ಯಾನ್ ಇಟ್ಟುಕೊಂಡವರು ಯಾರು ಕೇಳಿದರೂ ಹಾಕಿಸಿ ಅಂತಲೇ ಹೇಳುತ್ತೇನೆ, ಆದರೆ ಕೆಲವು ವಿಷಯ ತಿಳಿದುಕೊಂಡು ಹಾಕಿಸಿ.

ನನ್ನದು ಇಪ್ಪತ್ತೈದು ವರ್ಷ ದಾಟಿದ ಡೀಸೆಲ್ ವ್ಯಾನ್. ಕೂಲಂಟ್ ದೀಪ ಆಗಾಗ ಹತ್ತುತ್ತಿತ್ತು, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಾತ್ರ ಮಧ್ಯ ಬಿಟ್ಟು ಅಲುಗುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ "ದೀಪದ ಸೆನ್ಸರ್ ಹೋಗಿದೆ, ದೀಪದ ವೈರ್ ತೆಗೆದುಬಿಡಿ, ಏನೂ ಆಗಲ್ಲ" ಅಂದರು. ತೆಗೆದೆ. ಎರಡು ತಿಂಗಳಿಗೆ, ಒಂದು ಉದ್ದನೆಯ ಏರಿನಲ್ಲಿ, ಹೀಟರಿನಿಂದ ತಣ್ಣನೆ ಗಾಳಿ ಬರತೊಡಗಿತು, ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು, ಎಂಜಿನ್ ತಣ್ಣಗಿದೆ ಅಂದುಕೊಂಡು ನಾನು ಓಡಿಸುತ್ತಲೇ ಹೋದೆ. ಅಸಲಿಗೆ ಕೂಲಂಟ್ ಸೋರಿ ಹೋಗಿತ್ತು. ಮುಳ್ಳಿಗೆ ಬಿಸಿ ತಿಳಿಸುವ ಸೆನ್ಸರಿನ ತುದಿಗೆ ಕೂಲಂಟೇ ತಾಗುತ್ತಿರಲಿಲ್ಲ, ಅದು ಗಾಳಿಯ ಬಿಸಿಯನ್ನು ತೋರಿಸುತ್ತಿತ್ತು. ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಯಿತು.

ದೀಪ ಹೇಳೋದು ಬೇರೆ, ಮುಳ್ಳು ಹೇಳೋದು ಬೇರೆ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ನನ್ನ ವ್ಯಾನಿನಲ್ಲಿ ದೀಪ ನೋಡುವುದು ಟ್ಯಾಂಕಿನಲ್ಲಿ ಕೂಲಂಟ್ ಎಷ್ಟಿದೆ ಅನ್ನುವುದನ್ನು, ಮುಳ್ಳು ನೋಡುವುದು ಅದು ಎಷ್ಟು ಬಿಸಿ ಇದೆ ಅನ್ನುವುದನ್ನು. ಒಂದು ಸರಿ ಇದೆ ಅಂತ ಇನ್ನೊಂದನ್ನು ಸುಳ್ಳು ಅನ್ನುವ ಹಾಗಿಲ್ಲ. ಕೆಲವು ವ್ಯಾನುಗಳಲ್ಲಿ ಒಂದೇ ದೀಪ ಎರಡೂ ಕೆಲಸ ಮಾಡುತ್ತದೆ, ಅಲ್ಲಿ ಗೊಂದಲ ಇನ್ನೂ ಜಾಸ್ತಿ.

ಮೀಟರ್ ಹಾಕಿದ ಮೊದಲ ದಿನವೇ ಗೊತ್ತಾಯಿತು, ನನ್ನ ಮುಳ್ಳು 78 ಡಿಗ್ರಿಯಿಂದ 104ರ ತನಕ ಒಂದೇ ಜಾಗದಲ್ಲಿ ನಿಲ್ಲುತ್ತದೆ! ಮುಳ್ಳು ಕೆಟ್ಟಿದೆ ಅಂತಲ್ಲ. ಓಡಿಸುವವರು ಸುಮ್ನೆ ಗಾಬರಿಯಾಗದಿರಲಿ ಅಂತ ಎಷ್ಟೋ ಗಾಡಿಗಳಲ್ಲಿ ಹಾಗೇ ಮಾಡಿರುತ್ತಾರೆ. ಆದರೆ ಮುಳ್ಳು ಏರಿದ್ದು ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಅಲ್ವಾ?

ಅಂಕಿ ಕಾಣಿಸಿದರೆ ತೊಂದರೆ ಎಲ್ಲಿದೆ ಅಂತ ಹುಡುಕುವುದು ಸುಲಭ. ನನ್ನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) 87ಕ್ಕೆ ತೆರೆಯುವಂಥದ್ದು, ಆದ್ದರಿಂದ ಖಾಲಿ ರಸ್ತೆಯಲ್ಲಿ 86ರಿಂದ 90ರ ಮಧ್ಯೆ ಇರುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ 96ಕ್ಕೆ ಏರುತ್ತದೆ, ಫ್ಯಾನ್ ಶುರುವಾಗಿ ಇಳಿಯುತ್ತದೆ. ಒಮ್ಮೆ ನಿಂತಾಗ 101 ಆಗಿ, ಹೊರಟ ಕೂಡಲೇ ಇಳಿಯಿತು: ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಹೋಗಿತ್ತು. ನಿಂತಾಗ ಸರಿಯಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿದೆಯಾ, ವಾಟರ್ ಪಂಪ್ ಸರಿಯಿದೆಯಾ ನೋಡಬೇಕು. ಎಷ್ಟು ಓಡಿಸಿದರೂ 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರುತ್ತದೆ. ಇದನ್ನು ಜನ ಕಡೆಗಣಿಸುತ್ತಾರೆ, ಆದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಅಂಕಿ ಸರಿಯಿದ್ದು ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಮೇಲೆ ಹೋದರೆ ಪಕ್ಕದ ಇಂಧನದ ಮುಳ್ಳನ್ನೂ ನೋಡಿ. ಎರಡೂ ಒಟ್ಟಿಗೆ ಏರಿದ್ದರೆ ಎಂಜಿನ್ ತಪ್ಪಲ್ಲ. ಹಳೆ ಗಾಡಿಗಳಲ್ಲಿ ಈ ಮುಳ್ಳುಗಳಿಗೆ ಸುಮಾರು 10 ವೋಲ್ಟ್ ಕೊಡುವ ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟಿರಬಹುದು ಅಥವಾ ಅರ್ಥ್ (ಗಾಡಿಯ ಲೋಹದ ಮೈಗೆ ಸೇರುವ ವೈರ್) ಸಡಿಲಾಗಿರಬಹುದು. ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ ಮೊದಲು ಅರ್ಥ್ ನೋಡಿ.

ಕೂಲಂಟ್ ದೀಪಕ್ಕೂ ಕೊನೆಗೆ ಕಾರಣ ಸಿಕ್ಕಿತು. ಟ್ಯಾಂಕಿನ ಸೆನ್ಸರಿನ ಎರಡು ಕಡ್ಡಿಗಳ ಮೇಲೆ ಪೊರೆ ಕಟ್ಟಿತ್ತು, ಮಟ್ಟವೂ ನಿಜವಾಗಿ ಕಮ್ಮಿಯಿತ್ತು, ಎರಡೂ! ಕಡ್ಡಿ ಉಜ್ಜಿ, ಮಟ್ಟ ಸರಿಮಾಡಿ, ಕಿತ್ತಿದ್ದ ವೈರ್ ಹಾಕಿದ ಮೇಲೆ ದೀಪ ಸುಮ್ಮನಾಯಿತು. ಇಂಥ ಕಡ್ಡಿಯ ಸೆನ್ಸರ್ ಇದ್ದರೆ ಬರೀ ಡಿಸ್ಟಿಲ್ಡ್ ವಾಟರ್ ತುಂಬಬೇಡಿ. ಅದರಲ್ಲಿ ಕರೆಂಟ್ ಸರಿಯಾಗಿ ಹರಿಯದೆ ಟ್ಯಾಂಕ್ ತುಂಬಿದ್ದರೂ ದೀಪ ಹತ್ತಬಹುದು.

ಈಗ ಮೀಟರಿನ ತೊಂದರೆಗಳು. ಅಡಾಪ್ಟರ್ ಕೂರುವುದು ರಬ್ಬರ್ ಹೋಸಿನ ಮಧ್ಯೆ, ಹಾಗಾಗಿ ಸೆನ್ಸರಿಗೆ ಅರ್ಥ್ ಸಿಗುವುದಿಲ್ಲ, ಅಡಾಪ್ಟರಿನಿಂದ ಗಾಡಿಯ ಲೋಹದ ಮೈಗೆ ಬೇರೆ ವೈರ್ ಎಳೆಯಲೇಬೇಕು. ಜೊತೆಗೆ ಬಂದ ಕಾಗದದಲ್ಲಿ ಈ ಮಾತೇ ಇರಲಿಲ್ಲ, ನಾನು ಮೂರು ದಿನ ತಲೆ ಕೆಡಿಸಿಕೊಂಡೆ. ಸೆನ್ಸರಿನ ತಿರುಪಿನ ಥ್ರೆಡ್ ಮೇಲೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೂ ಇದೇ ಪಾಡು. ಕ್ಲಾಂಪುಗಳನ್ನು ಮೊದಲ ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ, ನನ್ನದರಲ್ಲಿ ಸ್ವಲ್ಪ ಜಿನುಗಿತ್ತು. ಬಜರ್ 95ಕ್ಕೇ ಕೂಗುವ ಹಾಗೆ ಬಂದಿತ್ತು, ನಾನು 105ಕ್ಕೆ ಇಟ್ಟಿದ್ದೇನೆ. ರಾತ್ರಿ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ದೊಡ್ಡ ಕೊರತೆ ಒಂದಿದೆ. ಕೂಲಂಟ್ ಖಾಲಿಯಾದರೆ ಈ ಸೆನ್ಸರ್ ಕೂಡ ಗಾಳಿಯಲ್ಲೇ ನಿಲ್ಲುತ್ತದೆ, ನನ್ನ ಹಳೆ ಮುಳ್ಳಿನ ಹಾಗೇ ಸುಳ್ಳು ಹೇಳುತ್ತದೆ. ಆದ್ದರಿಂದ ಮಟ್ಟದ ದೀಪವನ್ನು ದಯವಿಟ್ಟು ಕಿತ್ತುಹಾಕಬೇಡಿ.

ಕಳೆದ ತಿಂಗಳು ಓಡಿಸುತ್ತಿರುವಾಗ ದೀಪ ಹತ್ತಿತು, ಮೀಟರಿನಲ್ಲಿ 88. ಬದಿಗೆ ನಿಲ್ಲಿಸಿ, ಮುಚ್ಚಳ ಮುಟ್ಟದೆ ಟಾರ್ಚ್ ಹಿಡಿದು ನೋಡಿದರೆ ಟ್ಯಾಂಕಿನ ಮಟ್ಟ ಗೆರೆಗಿಂತ ಎರಡು ಬೆರಳು ಕೆಳಗೆ. ಹೀಟರಿಗೆ ಹೋಗುವ ಹೋಸಿನ ಕ್ಲಾಂಪ್ ಒದ್ದೆಯಾಗಿತ್ತು. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದು, ಕ್ಲಾಂಪ್ ಬಿಗಿ ಮಾಡಿ, ಕೂಲಂಟ್ ತುಂಬಿಸಿ, ಹೊರಟೆ.